ಕುಂದಾಣದ ರಾಜ್ಯವೂ ಬಲ್ಲಾಳನ ಬಿನ್ನಹವೂ

ದೇವನಹಳ್ಳಿ ತಾಲ್ಲೂಕಿನ ಹೋಬಳಿಯೂರಾದ ಕುಂದಾಣವನ್ನು ಇಂದು ಕಾಣುವವರು, ಅದು ಒಂದು ಕಾಲದಲ್ಲಿ ಹೊಯ್ಸಳವಂಶದ ಒಂದು ಶಾಖೆಗೆ ರಾಜಧಾನಿಯಾಗಿತ್ತೆಂದು ಸುಲಭವಾಗಿ ಊಹಿಸಲಾರರು. ಶಾಸನಗಳಲ್ಲಿ ಕುಂದಾಣಿಯೆಂದು ಹೆಸರುಗೊಂಡ ಈ ಊರಿನ ಚರಿತ್ರೆಯು, ಒಡೆದ ರಾಜ್ಯವು ಹೇಗೆ ಕೂಡಿತು, ಕೂಡಿದ ಮೇಲೆ ನೊಂದ ನಾಡಿಗೆ ಅರಸನು ಏನೆಂದು ನುಡಿದನು ಎಂಬ ಎರಡು ವಿಷಯಗಳಿಗಾಗಿ ವಿಚಾರಾರ್ಹವಾಗಿದೆ.

ಹೊಯ್ಸಳ ಸೋಮೇಶ್ವರನ ರಾಜ್ಯವು ಕ್ರಿ. ಶ. 1254ರ ಸುಮಾರಿಗೆ ಅವನ ಇಬ್ಬರು ಮಕ್ಕಳಿಗೆ ಪಾಲಾಯಿತು. ಬಿಜ್ಜಳರಾಣಿಯ ಮಗನಾದ ಮೂರನೆಯ ನರಸಿಂಹನಿಗೆ ದೋರಸಮುದ್ರವೂ ಅದಕ್ಕೆ ಸೇರಿದ ಕನ್ನಡನಾಡೂ ಬಂದುವು. ದೇವಲಮಹಾದೇವಿಯ ಮಗನಾದ ರಾಮನಾಥನಿಗೆ ಶ್ರೀರಂಗದ ಬಳಿಯ ಕಣ್ಣನೂರೂ ತಮಿಳು ಪ್ರಾಂತಗಳೂ ಕೋಲಾರದ ಕಡೆಯ ನಾಡುಗಳೂ ದೊರೆತುವು. ಪಾಲಾದ ಮನೆಯಲ್ಲಿ ಬೇಲಿಯ ಜಗಳ ತಪ್ಪದು. ಪಾಂಡ್ಯರ ಒತ್ತಡದಿಂದ ಕಣ್ಣನೂರಿನ ನೆಲೆ ತಪ್ಪಲಾಗಿ, ರಾಮನಾಥನು ಕುಂದಾಣಿಯಲ್ಲಿ ನಿಂತು ಆಳತೊಡಗಿದನು. ಅಣ್ಣತಮ್ಮಂದಿರ ಸೇನೆಗಳು ಹಲವು ಸಲ ಕಾದಿದುವು. ಅರಸರ ಹಟಕ್ಕೆ ತೆತ್ತವರು ನಡುನಾಡಿನ ಒಕ್ಕಲುಗಳೇ.

ನರಸಿಂಹನ ತರುವಾಯ, 1292ರ ಹೊತ್ತಿಗೆ, ಅವನ ಮಗ ಮೂರನೆಯ ಬಲ್ಲಾಳನು ಪಟ್ಟವೇರಿದನು. 1295ರ ಸುಮಾರಿನಲ್ಲಿ ರಾಮನಾಥನು ಕಾಲವಾಗಿ, ಅವನ ಮಗ ವಿಶ್ವನಾಥನ ಆಳಿಕೆಯೂ ಅಲ್ಪಕಾಲದಲ್ಲಿಯೇ ಮುಗಿಯಿತು. ಹದಿಮೂರನೆಯ ಶತಮಾನದ ಕೊನೆಗೆ ಎರಡು ಪಾಲೂ ಒಂದೇ ಕೊಡೆಯ ನೆಳಲಿಗೆ ಬಂದುವು. ಆದರೆ ರಾಜ್ಯವು ಒಂದಾದ ಮಾತ್ರಕ್ಕೆ ಜನರ ಮನಸ್ಸು ಒಂದಾಗುವುದಿಲ್ಲ. ನಿನ್ನೆಯವರೆಗೆ ಹಗೆಯೆಂದು ಕಂಡವನು ಇಂದು ಒಡೆಯನಾದರೆ, ಅವನನ್ನು ನಂಬುವುದೆಂತು?

ಬಲ್ಲಾಳನ ಉತ್ತರವು ಶಕವರ್ಷ 1223ರ, ಎಂದರೆ ಕ್ರಿ. ಶ. 1301ರ, ಒಂದು ಶಾಸನದಲ್ಲಿದೆ. ಕುಂದಾಣಿಯ ರಾಜ್ಯ, ಮುರಸುನಾಡು, ಕುವಳಾಲನಾಡು, ಕೈವಾರನಾಡು ಮೊದಲಾದ ನಾಡುಗಳ ಮಠಗಳಿಗೂ ದೇವಸ್ಥಾನಗಳಿಗೂ ಮುಖ್ಯರಾದವರಿಗೆ ಅರಸನು ಅದರಲ್ಲಿ ಬಿನ್ನವಿಸಿಕೊಂಡಿದ್ದಾನೆ. ದೇವದಾನ, ಮಠಪುರ ಮೊದಲಾದ ಊರುಗಳಿಂದ ಅದುವರೆಗೆ ಎತ್ತುತ್ತಿದ್ದ ತೆರಿಗೆಗಳನ್ನು, ಮಗ್ಗದ ತೆರಿಗೆ, ಅಕ್ಕಸಾಲೆಗಳ ತೆರಿಗೆ ಸಹಿತವಾಗಿ, ಬಿಟ್ಟುಕೊಟ್ಟಿರುವುದಾಗಿಯೂ, ಅವರವರು ತಮ್ಮ ತಮ್ಮ ಊರುಗಳನ್ನು ವಶಪಡಿಸಿಕೊಂಡು ಪೂಜೆಯನ್ನೂ ಜೀರ್ಣೋದ್ಧಾರವನ್ನೂ ನಡೆಸಿ, ತನಗೂ ರಾಜ್ಯಕ್ಕೂ ಶ್ರೇಯಸ್ಸನ್ನು ಹಾರೈಸುತ್ತ ಸುಖವಾಗಿರಬೇಕೆಂದೂ ಅದರ ತಾತ್ಪರ್ಯ.

ಇಲ್ಲಿ ಮೂರು ಅಂಶಗಳು ಗಮನಾರ್ಹವಾಗಿವೆ. ಗೆದ್ದ ಅರಸನು ಅಪ್ಪಣೆ ಮಾಡಲಿಲ್ಲ, ಬಿನ್ನಹ ಮಾಡಿದನು. ಆ ಸೀಮೆಯ ಶಾಸನಗಳಲ್ಲಿ ಚೋಳರ ಕಾಲದಿಂದ ಬಳಕೆಯಾಗಿದ್ದ ತಮಿಳು ನುಡಿಯಲ್ಲಿಯೇ ತನ್ನ ಮಾತನ್ನು ಬರೆಯಿಸಿದನು. ಒಂದೇ ಒಕ್ಕಣೆಯನ್ನು ಅನೇಕ ಊರುಗಳ ದೇವಾಲಯಗಳಲ್ಲಿ ಕಲ್ಲಿನ ಮೇಲೆ ಕೆತ್ತಿಸಲಾಯಿತು. ಅಚ್ಚುಕೂಟವಿಲ್ಲದ ಆ ದಿನಗಳಲ್ಲಿ ವಾರ್ತೆಯನ್ನು ಸ್ಥಿರವಾಗಿ ಹರಡುವ ಯಂತ್ರವೆಂದರೆ ಉಳಿಯೂ ಬಂಡೆಯೂ. ಓಲೆಯನ್ನು ಬಚ್ಚಿಡಬಹುದು, ಹತ್ತಾರು ಊರುಗಳಲ್ಲಿ ನಿಂತ ಕಲ್ಲನ್ನು ಅಧಿಕಾರಿಯು ಅಲ್ಲಗಳೆಯಲಾರನು.

ಇದರಲ್ಲಿ ಅರಸನ ಸ್ವಾರ್ಥವೂ ಇತ್ತೆಂಬುದು ನಿಜ; ಮಠ, ದೇವಾಲಯಗಳ ಒಲವನ್ನು ಪಡೆದವನಿಗೆ ನಾಡಿನ ಒಲವು ಸುಲಭವಾಗುತ್ತಿತ್ತು. ಆದರೂ ಬಿಟ್ಟ ತೆರಿಗೆಯು ಬರಿಯ ಸವಿಮಾತಲ್ಲ. ಹತ್ತು ವರ್ಷಗಳಲ್ಲಿ, 1311ರಲ್ಲಿ, ಮಲಿಕ್ ಕಾಫರನ ದಂಡು ದೋರಸಮುದ್ರದ ಮೇಲೆ ಬಂದಿತು. ರಾಜ್ಯವು ಇನ್ನೂ ಎರಡಾಗಿಯೇ ಇದ್ದಿದ್ದರೆ ಆ ಏಟನ್ನು ತಾಳುವುದು ಮತ್ತಷ್ಟು ಕಠಿನವಾಗುತ್ತಿತ್ತು.

ಈ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸರು 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಪ್ರಕಟಿಸಿದರು. ಊರುಗಳು ಬೆಳೆದು ಹೊಲಗಳು ನಿವೇಶನಗಳಾಗುತ್ತಿರುವ ಈ ಕಾಲದಲ್ಲಿ ಹಳೆಯ ಕಲ್ಲುಗಳು ಒಂದೊಂದಾಗಿ ಮರೆಯಾಗುತ್ತಿವೆ. 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯು ಅವುಗಳನ್ನು ಗಣಕಯಂತ್ರದ ಸಹಾಯದಿಂದ ಮೂರು ಆಯಾಮಗಳಲ್ಲಿ ಚಿತ್ರಿಸಿ ಉಳಿಸುತ್ತಿದೆ. ಸಂಧಿಯ ಮಾತನ್ನು ಆಡುವುದೆಷ್ಟು ಮುಖ್ಯವೋ, ಆಡಿದ ಮಾತು ಅಳಿಯದಂತೆ ಕಾಯುವುದೂ ಅಷ್ಟೇ ಮುಖ್ಯವಾದುದು.