ಕಲಾಸಂಗ್ರಹಾಲಯದ ಕಿರುಬಾಗಿಲು

ನ್ಯೂಯಾರ್ಕ್ ನಗರದ ಆಧುನಿಕ ಕಲಾಸಂಗ್ರಹಾಲಯವು ಸ್ಥಾಪಿತವಾದುದು 1929ರಲ್ಲಿ. ಅಲ್ಲಿ ಬಾಲಶಿಕ್ಷಣಕ್ಕೆ ಮೊದಲಾದುದು 1937ರಲ್ಲಿ, ವಿಕ್ಟರ್ ಡಿ’ಅಮಿಕೊ ಎಂಬ ಕಲಾಧ್ಯಾಪಕನಿಂದ. ಪ್ರೌಢಶಾಲೆಯ ವಿದ್ಯಾರ್ಥಿಗಳು ತಾವೇ ತೀರ್ಪುಗಾರರಾಗಿ ಕುಳಿತು ಕೃತಿಗಳನ್ನಾರಿಸಿ ಪ್ರದರ್ಶಿಸುವಂತೆ ಈತನು ಏರ್ಪಡಿಸಿದನು. ನೋಡುವವರಿಗೆ ಆರಿಸುವ ಅಧಿಕಾರವನ್ನಿತ್ತುದು ಆ ಕಾಲಕ್ಕೆ ಸಣ್ಣ ಮಾತಲ್ಲ.

1942ರಲ್ಲಿ ಆರಂಭವಾದ ಮಕ್ಕಳ ಕಲಾಮೇಳವು ಇದಕ್ಕಿಂತಲೂ ವಿಚಾರಾರ್ಹವಾದುದು. ಮುಂದೆ ಪ್ರಸಿದ್ಧವಾದ ಅದರ ದ್ವಾರವು ನಾಲ್ಕು ಮತ್ತು ಹನ್ನೆರಡು ವರ್ಷದ ಮಕ್ಕಳ ಆಕೃತಿಗೆ ಸರಿಯಾಗಿ ರಚಿತವಾದುದು; ದೊಡ್ಡವರಿಗೆ ಅದರೊಳಗೆ ಪ್ರವೇಶವಿಲ್ಲ. ಮಗುವು ಮೊದಲು ಮಂದಬೆಳಕಿನ ಕೋಣೆಯಲ್ಲಿ ಆಟಿಕೆಗಳೊಡನೆ ವಿಹರಿಸಿ, ಬಳಿಕ ಬಣ್ಣ, ಕಾಗದ, ಬಟ್ಟೆಚೂರುಗಳಿಂದ ತನ್ನದೇ ಕೃತಿಯನ್ನು ರಚಿಸುವುದು. ಅನುಕರಣವೂ ಇಲ್ಲ, ಬಹುಮಾನವೂ ಇಲ್ಲ. ಸ್ಪರ್ಧೆಯು ಮಗುವಿನ ಕೈಯನ್ನು ಕೆಡಿಸುವುದೆಂದು ಡಿ’ಅಮಿಕೊನ ಮತ.

ಇದರಿಂದ ಆತನು ತಾಯಿತಂದೆಗಳನ್ನು ದೂರವಿಟ್ಟನೆಂದು ಹೇಳಲಾಗದು. ಸಂಗ್ರಹಾಲಯದ ತರಗತಿಗಳಲ್ಲಿ ತಾಯಿಯೂ ಮಗುವೂ ಒಂದೇ ಮೇಜಿನಲ್ಲಿ ಕುಳಿತು ಕೆಲಸಮಾಡುತ್ತಿದ್ದರು. ಹೊರಗಿರಿಸಿದುದು ಹಿರಿಯರನ್ನಲ್ಲ, ಅವರ ತಿದ್ದುವ ಕೈಯನ್ನು.

1963ರಲ್ಲಿ ಈ ಮೇಳವು ದೆಹಲಿಗೂ ಬಂದಿತು. 1969ರಲ್ಲಿ ಡಿ’ಅಮಿಕೊ ನಿವೃತ್ತನಾದನು. ಅದೇ ವರ್ಷ ಹಾರ್ಲೆಮ್‌ನಲ್ಲಿ, ಬೆಟ್ಟಿ ಬ್ಲೇಟನ್ ಟೇಲರ್ ಎಂಬ ಚಿತ್ರಕಾರ್ತಿಯ ನೇತೃತ್ವದಲ್ಲಿ, ಅದೇ ಹೆಸರಿನ ಮೇಳವು ನೆಲೆಗೊಂಡಿತು.