ನರಸಿಂಹರಾಜಪುರ ತಾಲ್ಲೂಕಿನಲ್ಲಿ ಕಾಡಾನೆ ಹಾವಳಿ: ಮುನ್ನೆಚ್ಚರಿಕೆ ಹಾಗೂ ದಯಾತ್ಮಕ ಧನ ಪಡೆಯುವ ವಿಧಾನ

ಪೀಠಿಕೆ

ಚಿಕ್ಕಮಗಳೂರು ಜಿಲ್ಲೆಯ ನರಸಿಂಹರಾಜಪುರ ತಾಲ್ಲೂಕು ಭದ್ರಾ ಜಲಾಶಯದ ಹಿನ್ನೀರಿನ ಅಂಚಿನಲ್ಲಿದ್ದು, 1998ರಲ್ಲಿ ಹುಲಿ ಯೋಜನೆಗೆ ಒಳಪಟ್ಟ ಭದ್ರಾ ಅಭಯಾರಣ್ಯಕ್ಕೆ ಸಮೀಪದಲ್ಲಿರುತ್ತದೆ. ಅರಣ್ಯ, ಅಡಿಕೆ ಹಾಗೂ ಕಾಫಿ ತೋಟ ಮತ್ತು ಭತ್ತದ ಗದ್ದೆಗಳು ಒಂದಕ್ಕೊಂದು ಹೊಂದಿಕೊಂಡಿರುವುದರಿಂದ ಕಾಡಾನೆಗಳು ಬೆಳೆಗಳಿಗೆ ಹಾನಿಯುಂಟುಮಾಡುತ್ತಿವೆ. 2025ರ ಜುಲೈನಲ್ಲಿ ಬಾಳೆಹೊನ್ನೂರು ಭಾಗದಲ್ಲಿ ಕಾರ್ಮಿಕ ಮಹಿಳೆಯೊಬ್ಬರು ಹಾಗೂ ಕೆಲವೇ ದಿನಗಳಲ್ಲಿ ಮತ್ತೊಬ್ಬರು ಆನೆ ದಾಳಿಗೆ ಬಲಿಯಾದರು. ಅದೇ ವರ್ಷದ ಅಕ್ಟೋಬರ್ 31ರಂದು ಶೃಂಗೇರಿ ತಾಲ್ಲೂಕಿನ ಕೆರೆಕಟ್ಟೆ ಬಳಿ ಇಬ್ಬರು ಮೃತಪಟ್ಟರು. ಸಕಾಲದ ಮಾಹಿತಿಯಿಂದ ಜೀವಹಾನಿಯನ್ನು ತಪ್ಪಿಸಬಹುದು. ಸಕಾಲದ ದೂರಿನಿಂದ ಪರಿಹಾರವೂ ಸುಲಭವಾಗುತ್ತದೆ.

ಆನೆಗಳು ಬರುವ ಕಾರಣ

ಅಡಿಕೆ ತೋಟದ ನಡುವಿನ ಬಾಳೆ, ಕಾಫಿ ತೋಟದ ಹಲಸು ಹಾಗೂ ತೆನೆ ಬಂದ ಭತ್ತ ಆನೆಗಳನ್ನು ಆಕರ್ಷಿಸುತ್ತವೆ. ತೋಟಗಳಲ್ಲಿ ನೆರಳು ಮತ್ತು ನೀರು ದೊರೆಯುವುದರಿಂದ ಕೆಲವು ಆನೆಗಳು ಹಗಲಿನಲ್ಲಿಯೂ ಅಲ್ಲಿಯೇ ತಂಗುತ್ತವೆ. 2023ರ ಗಣತಿಯಂತೆ ರಾಜ್ಯದಲ್ಲಿ 6,395 ಆನೆಗಳಿದ್ದವು.

ಸಾರ್ವಜನಿಕರು ಅನುಸರಿಸತಕ್ಕ ಮುನ್ನೆಚ್ಚರಿಕೆ

1. ಮುಂಜಾನೆ ಮತ್ತು ಮುಸ್ಸಂಜೆಯ ನಂತರ ತೋಟ, ಗದ್ದೆಗಳಿಗೆ ಒಂಟಿಯಾಗಿ ಹೋಗಬಾರದು.
2. ತೋಟದ ಮಾಲೀಕರು ತೋಟದಲ್ಲಿ ಆನೆ ಇಲ್ಲದಿರುವುದನ್ನು ಖಚಿತಪಡಿಸಿಕೊಂಡ ನಂತರವೇ ಕಾರ್ಮಿಕರನ್ನು ಕೆಲಸಕ್ಕೆ ಕಳುಹಿಸತಕ್ಕದ್ದು.
3. ಆನೆಯನ್ನು ಕಂಡಲ್ಲಿ ಗುಂಪುಗೂಡುವುದು, ಕಲ್ಲೆಸೆಯುವುದು, ಛಾಯಾಚಿತ್ರ ತೆಗೆಯಲು ಸಮೀಪಿಸುವುದು ಅಪಾಯಕರ. ಕೂಡಲೇ ಅರಣ್ಯ ಸಹಾಯವಾಣಿ 1926ಕ್ಕೆ ಅಥವಾ ವಲಯ ಅರಣ್ಯಾಧಿಕಾರಿಗಳ ಕಛೇರಿಗೆ ತಿಳಿಸುವುದು.
4. ಬೇಲಿಗೆ ವಿದ್ಯುತ್ ಮಾರ್ಗದಿಂದ ನೇರ ಸಂಪರ್ಕ ನೀಡಬಾರದು. ಇದರಿಂದ ಮನುಷ್ಯರ ಹಾಗೂ ಜಾನುವಾರುಗಳ ಪ್ರಾಣಕ್ಕೂ ಅಪಾಯವಿದೆ. ಆನೆಯು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಅನುಸೂಚಿ 1ಕ್ಕೆ ಸೇರಿದ್ದು, ಅದನ್ನು ಕೊಲ್ಲುವುದು 3ರಿಂದ 7 ವರ್ಷಗಳ ಕಾರಾವಾಸಕ್ಕೆ ಗುರಿಪಡಿಸುವ ಅಪರಾಧ.

ಸರ್ಕಾರದ ಕ್ರಮಗಳು

2022ರಲ್ಲಿ ಚಿಕ್ಕಮಗಳೂರು, ಹಾಸನ, ಕೊಡಗು ಹಾಗೂ ಮೈಸೂರು ಜಿಲ್ಲೆಗಳಿಗೆ ಆನೆ ಕಾರ್ಯಪಡೆಗಳನ್ನು ರಚಿಸಲಾಯಿತು. ಆನೆ ತಡೆ ಕಂದಕ, ರೈಲ್ವೆ ಹಳಿಗಳ ತಡೆಗೋಡೆ ಮತ್ತು ಸೌರ ಬೇಲಿಗಳು ಬಳಕೆಯಲ್ಲಿವೆ. ಮಲೆನಾಡಿನ ಮಳೆಗೆ ಕಂದಕಗಳ ಅಂಚು ಕುಸಿಯುವುದರಿಂದಲೂ ಸೌರ ಬೇಲಿಗೆ ಗಿಡಬಳ್ಳಿ ತಾಗಿದರೆ ಅದರ ಶಕ್ತಿ ಕುಂದುವುದರಿಂದಲೂ ಇವುಗಳ ನಿರಂತರ ನಿರ್ವಹಣೆ ಅಗತ್ಯ. ಬೇಲಿಯ ಬುಡವನ್ನು ಸ್ವಚ್ಛವಾಗಿಡುವಲ್ಲಿ ಗ್ರಾಮಸ್ಥರ ಸಹಕಾರವನ್ನು ಕೋರಲಾಗಿದೆ.

ದಯಾತ್ಮಕ ಧನ

ಬೆಳೆ ಹಾನಿ, ಜಾನುವಾರು ಸಾವು, ಗಾಯ, ಶಾಶ್ವತ ಅಂಗವಿಕಲತೆ ಹಾಗೂ ಮಾನವ ಪ್ರಾಣಹಾನಿಗೆ ದಯಾತ್ಮಕ ಧನ ನೀಡಲಾಗುತ್ತದೆ. ಪ್ರಾಣಹಾನಿಯ ಮೊತ್ತವನ್ನು 2022ರಲ್ಲಿ 7.5 ಲಕ್ಷ ರೂಪಾಯಿಗಳಿಂದ 15 ಲಕ್ಷ ರೂಪಾಯಿಗಳಿಗೆ ಹೆಚ್ಚಿಸಲಾಯಿತು. ಅನಂತರವೂ ಪರಿಷ್ಕರಣೆಯಾಗಿರುವುದರಿಂದ ಚಾಲ್ತಿಯಲ್ಲಿರುವ ದರವನ್ನು ವಲಯ ಕಛೇರಿಯಲ್ಲಿ ತಿಳಿಯಬಹುದು.

ಲಗತ್ತಿಸಬೇಕಾದ ದಾಖಲೆಗಳು

• ಬೆಳೆ ಹಾನಿ: ಪಹಣಿ, ಆಧಾರ್, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ, ಹಾನಿಯ ಛಾಯಾಚಿತ್ರಗಳು. ಪಹಣಿ ಮೃತ ಹಿರಿಯರ ಹೆಸರಿನಲ್ಲಿದ್ದರೆ ವಂಶವೃಕ್ಷ ಹಾಗೂ ಇತರ ವಾರಸುದಾರರ ಒಪ್ಪಿಗೆ ಪತ್ರವನ್ನು ಸಿದ್ಧವಾಗಿಟ್ಟುಕೊಳ್ಳುವುದು ಸೂಕ್ತ.
• ಜಾನುವಾರು ಸಾವು: ಪಶುವೈದ್ಯರ ಮರಣೋತ್ತರ ಪರೀಕ್ಷಾ ವರದಿ.
• ಪ್ರಾಣಹಾನಿ: ಪೊಲೀಸ್ ದೂರಿನ ಪ್ರತಿ, ಮರಣೋತ್ತರ ಪರೀಕ್ಷಾ ವರದಿ, ಮರಣ ಪ್ರಮಾಣ ಪತ್ರ, ವಾರಸುದಾರರ ದಾಖಲೆ.

ವಿಶೇಷ ಗಮನಕ್ಕೆ

ಹಾನಿಯನ್ನು ಕಂಡ ದಿನವೇ ವಲಯ ಕಛೇರಿಗೆ ದೂರು ನೀಡಿ ಸ್ವೀಕೃತಿ ಪಡೆಯತಕ್ಕದ್ದು. ಸಿಬ್ಬಂದಿ ಸ್ಥಳ ತನಿಖೆ ನಡೆಸಿ ಮಹಜರು ಬರೆಯುವವರೆಗೆ ಮುರಿದ ಅಡಿಕೆ ಮರ, ಬಾಳೆ ಗಿಡಗಳನ್ನು ಹಾಗೂ ಹೆಜ್ಜೆ ಗುರುತುಗಳನ್ನು ಯಥಾಸ್ಥಿತಿಯಲ್ಲಿರಿಸಬೇಕು. ತೋಟವನ್ನು ಮೊದಲೇ ಸ್ವಚ್ಛಗೊಳಿಸಿದಲ್ಲಿ ಹಾನಿಗೊಂಡ ಗಿಡಗಳ ಸಂಖ್ಯೆಯನ್ನು ದೃಢೀಕರಿಸಲು ಸಾಧ್ಯವಾಗದೆ ನೈಜ ಫಲಾನುಭವಿಗೂ ನಷ್ಟವಾಗಬಹುದು. ಮಹಜರಿನಲ್ಲಿ ನಮೂದಾದ ಬೆಳೆ, ಸಂಖ್ಯೆ ಮತ್ತು ಸರ್ವೆ ನಂಬರನ್ನು ಓದಿ ನೋಡಿದ ನಂತರವೇ ಸಹಿ ಮಾಡುವುದು. ಅರ್ಜಿಗಳನ್ನು ಇಲಾಖೆಯ ಇ-ಪರಿಹಾರ ತಂತ್ರಾಂಶದಲ್ಲಿ ದಾಖಲಿಸಲಾಗುವುದರಿಂದ ಅರ್ಜಿ ಸಂಖ್ಯೆಯನ್ನು ಜೋಪಾನವಾಗಿರಿಸಿಕೊಳ್ಳಲು ಕೋರಲಾಗಿದೆ.

ಹೆಚ್ಚಿನ ಮಾಹಿತಿಗಾಗಿ ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಗಳನ್ನು ಅಥವಾ ಕೊಪ್ಪ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಗಳ ಕಛೇರಿಯನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದು.