ದಡ ಸೇರಿದವರ ಲೆಕ್ಕ

1975ರ ಏಪ್ರಿಲ್ 30ರಂದು ಸೈಗಾನ್ ಉತ್ತರ ವಿಯೆಟ್ನಾಮಿನ ಸೇನೆಯ ವಶವಾಯಿತು. ಮುಂದಿನ ಎರಡು ದಶಕಗಳಲ್ಲಿ ಸುಮಾರು 8 ಲಕ್ಷ ಮಂದಿ ದೋಣಿಗಳಲ್ಲಿ ತಾಯ್ನಾಡು ಬಿಟ್ಟು ಪರದೇಶದ ದಡ ಮುಟ್ಟಿದರು. ಮಲೇಷಿಯದ ಬಿಡೊಂಗ್ ಎಂಬ ಪುಟ್ಟ ದ್ವೀಪವೊಂದರಲ್ಲೇ 1979ರಲ್ಲಿ ಸುಮಾರು 40,000 ಜನ ಕಿಕ್ಕಿರಿದಿದ್ದರು. ಆ ಜುಲೈ ತಿಂಗಳ ಜಿನೀವಾ ಸಮ್ಮೇಳನದ ಮೇಲೆ ಅಮೆರಿಕ, ಕೆನಡಾ, ಆಸ್ಟ್ರೇಲಿಯ, ಫ್ರಾನ್ಸ್ ದೇಶಗಳು ಇನ್ನಷ್ಟು ಮಂದಿಗೆ ನೆಲೆ ಕೊಟ್ಟವು.

8 ಲಕ್ಷವೆಂಬ ಅಂಕಿಯನ್ನು ಕಂಡಾಗಲೆಲ್ಲ ನನಗೆ ಅನ್ನಿಸುವುದಿಷ್ಟು: ಇದು ದಡ ಸೇರಿದವರ ಲೆಕ್ಕ. ಬಿರುಗಾಳಿಗೂ ಬಾಯಾರಿಕೆಗೂ ಕಡಲುಗಳ್ಳರಿಗೂ ತುತ್ತಾದವರನ್ನು ಎಣಿಸಿದವರಾರು? ಅವರ ನೆನಪಿಗೆಂದು ಇಂಡೊನೇಷಿಯದ ಗಲಾಂಗ್ ದ್ವೀಪದಲ್ಲಿ 2005ರಲ್ಲಿ ನೆಟ್ಟ ಕಲ್ಲನ್ನೂ ವಿಯೆಟ್ನಾಂ ಸರ್ಕಾರದ ಒತ್ತಾಯಕ್ಕೆ ಮಣಿದು ಕಿತ್ತುಹಾಕಿದರು. ಸತ್ತ ದಿನ ತಿಳಿಯದ ಕೆಲವು ಮನೆಗಳಲ್ಲಿ ದೋಣಿ ಹೊರಟ ದಿನವೇ ತಿಥಿ. ಚರಿತ್ರೆ ಬಿಟ್ಟ ಸಾಲನ್ನು ನಾನು ಓದುವುದು ಅಲ್ಲಿ.